ಹುಟ್ಟೋಕೆ ಮುಂಚೆ ಆಟಿಸಂ ಗೊತ್ತಾಗುತ್ತಾ? ನಾವು ಅಲೆದಾಡಿದ 13 ವಾರ

ಎರಡನೇ ಮಗು ಹುಟ್ಟಿ ಈಗ ನಾಲ್ಕು ತಿಂಗಳು. ರಾತ್ರಿ ಹಾಲು ಕುಡಿಸ್ತಾ ಕೂತಾಗ ಒಂದೊಂದೇ ಸಾಲು ಟೈಪ್ ಮಾಡಿ ಇದನ್ನ ಮುಗಿಸಿದೀನಿ, ಯಾಕಂದ್ರೆ ನಾನು ಬಸುರಿಯಾಗಿದ್ದಾಗ ಇದೇ ವಿಷಯ ಕನ್ನಡದಲ್ಲಿ ಹುಡುಕಿ ಹುಡುಕಿ ಸಾಕಾಗಿತ್ತು, ಸಿಕ್ಕಿದ್ದೆಲ್ಲಾ ಒಂದೋ ಹೆದರಿಸೋದು ಇಲ್ಲಾ ಬುದ್ಧಿ ಹೇಳೋದು. ಮೊದ್ಲ ಮಗುಗೆ ಆಟಿಸಂ ಇದ್ದು ಎರಡನೇದು ಹೊಟ್ಟೇಲಿದ್ರೆ ಏನೇನ್ ಟೆಸ್ಟ್ ಮಾಡ್ತಾರೆ, ಯಾವ ವಾರದಲ್ಲಿ, ಅದ್ರಿಂದ ಏನ್ ಗೊತ್ತಾಗುತ್ತೆ ಏನ್ ಗೊತ್ತಾಗಲ್ಲ, ಮನಸ್ಸಿಗೆ ಏನಾಗುತ್ತೆ, ಇಷ್ಟನ್ನ ನಡೆದ ಹಾಗೇ ಬರೀತೀನಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಹುಟ್ಟೋಕೆ ಮುಂಚೆ ಆಟಿಸಂ ಇದೆ ಅಥವಾ ಇಲ್ಲ ಅಂತ ಹೇಳೋ ಟೆಸ್ಟ್ ಯಾವ್ದೂ ಇಲ್ಲ. ಆಟಿಸಂನ ಗುರುತಿಸೋದು ಮಗು ಹೇಗೆ ನೋಡುತ್ತೆ, ಹೇಗೆ ಆಡುತ್ತೆ, ಹೇಗೆ ಮಾತಿಗೆ ಸಿಗುತ್ತೆ ಅನ್ನೋದ್ರಿಂದ, ಅದೂ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಆದ್ಮೇಲೆ. ಹೊಟ್ಟೇಲಿರುವಾಗ ನೋಡೋಕಾಗೋದು ಕೆಲವು ಜೀನ್ (ವಂಶವಾಹಿ) ಬದಲಾವಣೆಗಳನ್ನ ಮಾತ್ರ. ಈ ಎರಡು ವಾಕ್ಯ ನಂಗೆ ಸರಿಯಾಗಿ ತಲೆಗೆ ಹೋಗೋಷ್ಟ್ರಲ್ಲಿ ಅರ್ಧ ದಾರಿ ಮುಗಿದಿತ್ತು.

ನಮ್ಮ ದೊಡ್ಡ ಮಗನಿಗೆ ಆರು ವರ್ಷ. ಮೂರನೇ ವರ್ಷಕ್ಕೆ ಆಟಿಸಂ ಅಂತ ಹೇಳಿದ್ರು. ಮಾತು ಒಂದಿಪ್ಪತ್ತು ಪದ ಇರ್ಬಹುದು, ಅದೂ ಅವ್ನಿಗೆ ಬೇಕಾದಾಗ. ವಾಷಿಂಗ್ ಮೆಷಿನ್ ಓಡ್ತಿದ್ರೆ ಅದಕ್ಕೆ ಕಿವಿ ಒತ್ತಿ ನಿಂತ್ಕೋತಾನೆ, ಅದ್ರದ್ದೇ ಶ್ರುತಿ ಹಿಡಿದು ಮೂಗಲ್ಲಿ ಗುನುಗ್ತಾನೆ, ಮೆಷಿನ್ ಸ್ಪೀಡ್ ಬದಲಾದ್ರೆ ಇವ್ನ ಸ್ವರಾನೂ ಬದಲಾಗುತ್ತೆ. ಕಷ್ಟದ ದಿನಗಳೂ ಇವೆ, ಅದನ್ನ ಮುಚ್ಚಿಡಲ್ಲ. ಎರಡು ವರ್ಷ ನಾವಿಬ್ರೂ ಒಟ್ಟಿಗೆ ಒಂದು ರಾತ್ರಿ ಪೂರ್ತಿ ಮಲಗಿದ್ದು ನೆನಪಿಲ್ಲ.

ಏಳನೇ ವಾರದಲ್ಲಿ ಮೊದಲ ಡಾಕ್ಟರ್ ವಿಸಿಟ್. ದೊಡ್ಡವನ ವಿಷಯ ಹೇಳಿದ್ ತಕ್ಷಣ ಅವರು ಪೆನ್ನು ಕೆಳಗಿಟ್ಟು "ಹಾಗಾದ್ರೆ ಈ ಸಲ ಎಲ್ಲಾ ಟೆಸ್ಟ್ ಮಾಡಿಸ್ಕೊಂಡ್ಬಿಡಿ" ಅಂದ್ರು. ಎಲ್ಲಾ ಟೆಸ್ಟ್ ಅಂದ್ರೆ ಏನು ಅಂತ ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ. ಒಂದು ಬ್ಲಡ್ ಟೆಸ್ಟ್ ಬರೆದುಕೊಟ್ರು, ಎನ್‌ಐಪಿಟಿ ಅಂತ, 10 ವಾರ ಆದ್ಮೇಲೆ ತಾಯಿ ರಕ್ತದಿಂದನೇ ಮಾಡೋದು. ಅದ್ರ ರಿಪೋರ್ಟ್ ಚೆನ್ನಾಗಿ ಬಂದ್ರೆ ಆಟಿಸಂ ಇಲ್ಲ ಅಂತ ಅರ್ಥ ಅಂತ್ಲೇ ನಾನು ಅಂದ್ಕೊಂಡಿದ್ದೆ. ಅಲ್ಲ. ಅದು ಮುಖ್ಯವಾಗಿ ನೋಡೋದು ಜೀನ್‌ಗಳನ್ನ ಹೊತ್ತಿರೋ ಕ್ರೋಮೋಸೋಮ್‌ಗಳಲ್ಲಿ 21, 18, 13ನೇದು ಒಂದೊಂದು ಜಾಸ್ತಿ ಇದ್ಯಾ ಅಂತ, ಅಂದ್ರೆ ಡೌನ್ ಸಿಂಡ್ರೋಮ್ ಮತ್ತೆ ಅಂಥವು, ಅದೂ ಸ್ಕ್ರೀನಿಂಗ್ ಮಾತ್ರ, ಸಾಧ್ಯತೆ ಹೇಳುತ್ತೆ, ಖಚಿತವಾಗಿ ಹೇಳಲ್ಲ. ಆಟಿಸಂಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಗೆ ಯಾರಾದ್ರೂ ಎನ್‌ಐಪಿಟಿ ನಾರ್ಮಲ್ ಅಂದ್ರೆ ಎಲ್ಲಾ ನಾರ್ಮಲ್ ಅಂದ್ರೆ ನಂಬ್ಬೇಡಿ, ಆ ಟೆಸ್ಟ್ ಏನೇನ್ ನೋಡುತ್ತೆ ಅಂತ ಪಟ್ಟಿ ಕೇಳಿ.

ನಮ್ಮನೆಯವ್ರು ಹಟ ಹಿಡಿದು ಜೆನೆಟಿಕ್ ಕೌನ್ಸೆಲರ್ ಹತ್ರ, ಅಂದ್ರೆ ವಂಶವಾಹಿ ವಿಷಯ ವಿವರಿಸಿ ಸಲಹೆ ಕೊಡೋರ ಹತ್ರ, ಅಪಾಯಿಂಟ್ಮೆಂಟ್ ತಗೊಂಡ್ರು. ಒಂಬತ್ತನೇ ವಾರ. ಇಡೀ ಪಯಣದಲ್ಲಿ ನಾವು ಖರ್ಚು ಮಾಡಿದ್ರಲ್ಲಿ ನಿಜವಾಗ್ಲೂ ಸಾರ್ಥಕ ಅನ್ಸಿದ್ದು ಅವರ ಫೀಸು. ಒಂದೂವರೆ ಗಂಟೆ ಕೂರಿಸ್ಕೊಂಡು ಮೂರು ತಲೆಮಾರಿನ ವಂಶವೃಕ್ಷ ಬರೆದ್ರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಯಾರಿಗೆ ಫಿಟ್ಸ್ ಬರ್ತಿತ್ತು, ಯಾರು ತಡವಾಗಿ ಮಾತಾಡಿದ್ರು, ಯಾರ್ಗೆ ಮಗು ನಿಲ್ಲಲಿಲ್ಲ, ಎಲ್ಲಾ ಕೇಳಿದ್ರು. (ಹೋಗೋ ಮುಂಚೆ ಎರಡೂ ಕಡೆ ಹಿರಿಯರಿಗೆ ಫೋನ್ ಮಾಡಿ ಇದನ್ನೆಲ್ಲಾ ಬರ್ಕೊಂಡು ಹೋಗಿ, ಅಲ್ಲಿ ಕೂತು ನೆನಪು ಮಾಡ್ಕೊಳೋಕಾಗಲ್ಲ.) ಕೊನೆಗೆ ನನ್ನ ಮಗನ ಚೌಕ ಬರೆದು ಅದಕ್ಕೊಂದು ಬಾಣದ ಗುರುತು ಹಾಕಿ ಒಳಗೆ ಪೂರ್ತಿ ಕಪ್ಪು ತುಂಬಿದ್ರು. ಪಕ್ಕದಲ್ಲಿ ವಜ್ರಾಕಾರದ ಒಂದು ಗುರುತು, ಒಳಗೆ ಪಿ ಅಂತ ಅಕ್ಷರ, ಅದು ಹೊಟ್ಟೇಲಿರೋ ಮಗು. ಅವರದ್ದು ಬರೀ ಪದ್ಧತಿ, ಯಾರಿಗೆ ಏನಿದೆ ಅಂತ ಗುರುತಿಸೋಕೆ ಹಾಗೇ ಬರೀಬೇಕು, ನಂಗೂ ಅರ್ಥ ಆಗುತ್ತೆ. ಆದ್ರೂ ಆ ಕಪ್ಪು ಚೌಕ ನೋಡಿ ಗಂಟಲು ಕಟ್ಬಿಡ್ತು. ಪಕ್ಕದ ರೂಮಲ್ಲಿ ಅವ್ನು ಗುನುಗ್ತಿರೋದು ಕೇಳಿಸ್ತಿತ್ತು.

ಅವರು ಹೇಳಿದ್ದನ್ನ ಸ್ವಲ್ಪ ವಿವರವಾಗೇ ಬರೀತೀನಿ. ಆಟಿಸಂನಲ್ಲಿ ವಂಶವಾಹಿಯ ಪಾಲು ದೊಡ್ಡದು. 1977ರಲ್ಲೇ 21 ಜೋಡಿ ಅವಳಿ ಮಕ್ಕಳ ಮೇಲೆ ಒಂದು ಅಧ್ಯಯನ ಆಗಿತ್ತಂತೆ, ಅಲ್ಲೀತನಕ ತಾಯಿ ಪ್ರೀತಿ ಸಾಲದೆ ಹೀಗಾಗುತ್ತೆ ಅಂತ ಅಮ್ಮಂದಿರ ತಲೆಗೇ ಕಟ್ತಿದ್ರು, ಆ ಅಧ್ಯಯನದಿಂದ ಇದು ವಂಶವಾಹಿಯ ವಿಷಯ ಅಂತ ಗಟ್ಟಿಯಾಯ್ತು. ಹಾಗಂತ ಒಂದೇ ಒಂದು ಆಟಿಸಂ ಜೀನ್ ಅಂತಿಲ್ಲ, ನೂರಾರಿವೆ. ಬಹಳಷ್ಟು ಜನರಲ್ಲಿ ತುಂಬಾ ಚಿಕ್ಕ ಚಿಕ್ಕ ಪರಿಣಾಮದ ಸಾವಿರಾರು ವ್ಯತ್ಯಾಸಗಳು ಸೇರಿ ಆಗೋದು, ಅದನ್ನ ಕೂಡಿ ಕಳೆದು ಒಂದು ಮಗುವಿನ ಭವಿಷ್ಯ ಹೇಳೋಕಾಗಲ್ಲ. ಕೆಲವರಲ್ಲಿ ಮಾತ್ರ ಒಂದೇ ದೊಡ್ಡ ಬದಲಾವಣೆ ಸಿಗುತ್ತೆ, ಫ್ರಾಜೈಲ್ ಎಕ್ಸ್ (ಎಕ್ಸ್ ಕ್ರೋಮೋಸೋಮಿನ ಒಂದು ಜೀನ್ ಬದಲಾವಣೆ), ಶ್ಯಾಂಕ್3 ಅನ್ನೋ ಜೀನಿನ ಬದಲಾವಣೆ, 16ನೇ ಕ್ರೋಮೋಸೋಮಿನ ಒಂದು ತುಂಡು ಇಲ್ದೇ ಇರೋದು, ಹೀಗೆ. ಅಂಥದ್ದು ದೊಡ್ಡ ಮಗನಲ್ಲಿ ಸಿಕ್ಕಿದ್ರೆ ಮಾತ್ರ ಹೊಟ್ಟೇಲಿರೋ ಮಗುವಿನಲ್ಲಿ ಅದನ್ನ ಹುಡುಕೋದಕ್ಕೆ ಅರ್ಥ ಇದೆ. ಅಂದ್ರೆ ಟೆಸ್ಟ್ ಶುರುವಾಗೋದು ಹೊಟ್ಟೆಯಿಂದಲ್ಲ, ದೊಡ್ಡ ಮಗನ ರಕ್ತದಿಂದ.

ಮೊದ್ಲ ಮಗುಗೆ ಆಟಿಸಂ ಇದ್ರೆ ಎರಡನೇದಕ್ಕೆ ಬರೋ ಸಾಧ್ಯತೆ ಎಷ್ಟು ಅಂತಾನೂ ಕೇಳಿದೆ. ಇಂಥ ಮಕ್ಕಳ ತಮ್ಮ ತಂಗೀರನ್ನ ಹುಟ್ಟಿದಾಗಿಂದ ಗಮನಿಸಿದ ಒಂದು ದೊಡ್ಡ ಅಧ್ಯಯನ 2011ರಲ್ಲಿ ಬಂತು, ಅದ್ರಲ್ಲಿ 18.7%. 2024ರಲ್ಲಿ ಇನ್ನೂ ಜಾಸ್ತಿ ಮಕ್ಕಳನ್ನ ಸೇರಿಸಿ ನೋಡಿದಾಗ 20.2%. ಐದರಲ್ಲಿ ಒಂದು. ಡಾಕ್ಟರು ಇದನ್ನ ರಿಸ್ಕ್ ಅಂದಿದ್ರು, ಕೌನ್ಸೆಲರ್ ಒಂದ್ಸಲಾನೂ ಆ ಪದ ಬಳಸಲಿಲ್ಲ, ಸಾಧ್ಯತೆ ಸಾಧ್ಯತೆ ಅಂತಾನೇ ಹೇಳಿದ್ರು. ಆ ಒಂದು ಪದ ಬದಲಾಗಿದ್ದಕ್ಕೆ ನಾನು ಉಸಿರಾಡೋ ರೀತಿನೇ ಬದಲಾಯ್ತು.

ಮಗನಿಂದ ರಕ್ತ ತೆಗೆಯೋದು ಸುಲಭ ಇರ್ಲಿಲ್ಲ. ನಾವು ನಾಲ್ಕು ಜನ ಹಿಡ್ಕೊಂಡ್ವಿ, ನಾನು ತಲೆ, ಇವ್ರು ಕೈ, ಇಬ್ರು ನರ್ಸ್ ಕಾಲು. ಅವ್ನು ನನ್ನ ಮುಖಾನೇ ನೋಡ್ತಿದ್ದ. ಅವ್ನಿಗಾಗಿ ಏನೂ ಅಲ್ಲ ಈ ಟೆಸ್ಟು, ಇನ್ನೊಂದು ಮಗು ಅವ್ನ ಹಾಗೆ ಇರುತ್ತಾ ಅಂತ ತಿಳ್ಕೊಳೋಕೆ ಅವ್ನ ರಕ್ತ ತೆಗೀತಿದ್ದೀವಿ ಅನ್ನೋದು ಆ ಕ್ಷಣಕ್ಕೆ ಹೊಳೀತು, ಎದೆ ಧಸಕ್ ಅಂತು. ಇದನ್ನ ಯಾರೂ ಮುಂಚೆ ಹೇಳಿರ್ಲಿಲ್ಲ ನಂಗೆ. (ನಿಮ್ಮ ಮಗುಗೂ ಇದೇ ಕಷ್ಟ ಇದ್ರೆ ಮರಗಟ್ಟಿಸೋ ಕ್ರೀಂ ಮುಂಚೇನೇ ಹಚ್ಚೋಕೆ ಕೇಳಿ, ಕೆಲವು ಲ್ಯಾಬಲ್ಲಿ ಉಗುಳಿನ ಸ್ಯಾಂಪಲ್ ಕೂಡ ತಗೋತಾರೆ, ಅದನ್ನೂ ಕೇಳಿ.) ಕನ್ಸೆಂಟ್ ಫಾರಂ ಐದಾರು ಪುಟ ಇತ್ತು. ಡೇಟಾ ಎಷ್ಟು ವರ್ಷ ಇಡ್ತಾರೆ, ಸಂಶೋಧನೆಗೆ ಕೊಡ್ತಾರಾ, ಹುಡುಕದೇ ಇದ್ದ ಬೇರೆ ಕಾಯಿಲೆ ಕಂಡ್ರೆ ಹೇಳ್ಬೇಕಾ ಬೇಡ್ವಾ, ಎಲ್ಲಕ್ಕೂ ಬೇರೆ ಬೇರೆ ಟಿಕ್ ಮಾಡ್ಬೇಕು. ಅವಸರದಲ್ಲಿ ಸೈನ್ ಹಾಕ್ಬೇಡಿ. ಅದು ಮಗನ ಜೀವಮಾನದ ಮಾಹಿತಿ, ಅವ್ನಿಗೆ ಕೇಳೋಕಾಗಲ್ಲ ಅಂತ ನಾವು ಹಾಕ್ತಿರೋ ಸೈನ್.

ನಾಲ್ಕು ವಾರ ಕಾದ್ವಿ. ಮೈಕ್ರೊಅರೇ ಅನ್ನೋ ಟೆಸ್ಟಲ್ಲಿ (ಕ್ರೋಮೋಸೋಮಿನ ಸಣ್ಣ ತುಂಡು ಕಮ್ಮಿ ಅಥವಾ ಜಾಸ್ತಿ ಇದ್ಯಾ ಅಂತ ನೋಡೋದು) ಆಟಿಸಂ ಇರೋ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಕಾರಣ ಸಿಗುತ್ತಂತೆ, ಹಾಗಾಗಿ ಏನೂ ಸಿಗಲ್ಲ ಅಂತಾನೇ ಅಂದ್ಕೊಂಡಿದ್ವಿ. ಸಿಕ್ತು. 16ಪಿ11.2 ಡಿಲೀಶನ್. 16ನೇ ಕ್ರೋಮೋಸೋಮಿನಲ್ಲಿ ಸುಮಾರು 30 ಜೀನ್ ಇರೋ ಒಂದು ಚಿಕ್ಕ ತುಂಡು ಒಂದು ಪ್ರತಿಯಲ್ಲಿ ಇಲ್ಲ. ಇದಿರೋರಲ್ಲಿ ಮಾತು ತಡವಾಗೋದು ಸಾಮಾನ್ಯ, ಕೆಲವರಿಗೆ ಫಿಟ್ಸ್, ಕೆಲವರಿಗೆ ತೂಕ ಜಾಸ್ತಿ, ಆಟಿಸಂ ಅಂತ ಗುರುತಾಗೋದು ನಾಲ್ಕೈದು ಜನರಲ್ಲಿ ಒಬ್ಬರಿಗೆ. ಕೆಲವರಿಗೆ ಎದ್ದು ಕಾಣೋ ತೊಂದರೆ ಏನೂ ಇರಲ್ಲ, ಇದೆ ಅಂತ ಗೊತ್ತಾಗದೇನೇ ಬದುಕು ಮುಗಿಯುತ್ತೆ. ಇದು ಹೆಚ್ಚಾಗಿ ಮಗುವಿನಲ್ಲೇ ಹೊಸದಾಗಿ ಆಗೋದು, ಆದ್ರೂ ಅಪ್ಪ ಅಮ್ಮನನ್ನ ನೋಡ್ಲೇಬೇಕು, ಯಾಕಂದ್ರೆ ಹೊಸದಾಗಿದ್ರೆ ಇದೇ ಡಿಲೀಶನ್ ಮುಂದಿನ ಮಗುಗೂ ಬರೋ ಸಾಧ್ಯತೆ ತೀರಾ ಕಮ್ಮಿ, ಇಬ್ಬರಲ್ಲೊಬ್ರಿಗೆ ಇದ್ರೆ ಪ್ರತಿ ಮಗುಗೂ 50%. ಅಂತೂ ನಮ್ಮಿಬ್ರ ರಕ್ತಾನೂ ಕೊಟ್ವಿ.

ಇವ್ರಿಗಿತ್ತು.

ಕೌನ್ಸೆಲರ್ ಅದೇ ಹಳೇ ಹಾಳೆ ತೆಗೆದು ಇವ್ರ ಚೌಕದ ಮಧ್ಯೆ ಒಂದು ಚುಕ್ಕಿ ಇಟ್ರು. ನಮ್ಮನೆಯವ್ರು ಸುಮಾರು ಹೊತ್ತು ಆ ಚುಕ್ಕಿ ಮೇಲೆ ಬೆರಳಿಟ್ಕೊಂಡು ಕೂತಿದ್ರು. ಇವ್ರು ನಾಲ್ಕು ವರ್ಷದ ತನಕ ಮಾತಾಡಿರ್ಲಿಲ್ವಂತೆ, ಅತ್ತೆ ಆ ಕಥೆನ ಎಷ್ಟೋ ಸಲ ನಗ್ತಾ ಹೇಳಿದ್ರು. ಕಾರಿಗೆ ಬಂದ್ಮೇಲೆ ಕೀ ತಿರುಗಿಸ್ದೇ "ಅಮ್ಮಂಗೆ ಆಗ ಈ ಟೆಸ್ಟ್ ಸಿಕ್ಕಿದ್ದಿದ್ರೆ ನಾನಿರ್ತಿದ್ನಾ?" ಅಂದ್ರು. "ಇರ್ತಿದ್ರಿ" ಅಂದೆ. "ನಿಂಗೆ ಹೇಗೆ ಗೊತ್ತು?" ಅಂದ್ರು. ನನ್ನತ್ರ ಉತ್ತರ ಇರ್ಲಿಲ್ಲ. ಅದುವರೆಗೂ ನಾನು ಯೋಚಿಸ್ತಿದ್ದಿದ್ದು ಹುಟ್ಟಬೇಕಾದ ಒಂದು ಮಗು ಬಗ್ಗೆ, ಆವತ್ತಿಂದ ಪ್ರತಿ ಪ್ರಶ್ನೆನೂ ಮನೇಲಿ ಓಡಾಡ್ಕೊಂಡಿರೋ ಇಬ್ರ ಬಗ್ಗೆ ಆಯ್ತು.

ಈಗ 15 ವಾರ ದಾಟಿತ್ತು. ಆಮ್ನಿಯೋಸೆಂಟೆಸಿಸ್ ಮಾಡಿಸೋದಾ ಬೇಡ್ವಾ. ಸೂಜಿಯಿಂದ ಗರ್ಭದಲ್ಲಿ ಮಗು ಸುತ್ತ ಇರೋ ನೀರು ಸ್ವಲ್ಪ ತೆಗೆದು ಅದ್ರಲ್ಲಿರೋ ಮಗುವಿನ ಜೀವಕೋಶದಲ್ಲಿ ಇದೇ ಡಿಲೀಶನ್ ಇದ್ಯಾ ಅಂತ ನೋಡೋದು, 15 ವಾರ ಆದ್ಮೇಲೆ ಮಾಡ್ತಾರೆ. ಅದ್ರಿಂದ ಮಗು ಹೋಗೋ ಸಾಧ್ಯತೆ ಸಣ್ಣದು, ಸಾವಿರಕ್ಕೆ ಒಂದರಿಂದ ಐದು ಅಂತ ಹೇಳಿದ್ರು, ಸಣ್ಣದು ಅಂದ್ರೂ ಇದೆ. ಕೌನ್ಸೆಲರ್ ಒಂದೇ ಪ್ರಶ್ನೆ ಕೇಳಿದ್ದು: "ಇದೆ ಅಂತ ಬಂದ್ರೆ ಮಾರನೇ ದಿನ ಏನ್ ಮಾಡ್ತೀರಿ?" ನಾವಿಬ್ರೂ ಒಟ್ಟಿಗೆ "ಮುಂದುವರಿಸ್ತೀವಿ, ತಯಾರಿಗೋಸ್ಕರ ಅಷ್ಟೇ ಟೆಸ್ಟು" ಅಂದ್ವಿ. ಇವ್ರು ನಿಜ ಹೇಳಿದ್ರು. ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ. ರಾತ್ರಿ ಮೂರು ಗಂಟೆಗೆ ಮಗ ಎದ್ದು ತಲೆ ಗೋಡೆಗೆ ಹೊಡ್ಕೊಂಡಾಗ ನನ್ನ ಉತ್ತರ ಬೇರೆ ಇರ್ತಿತ್ತು, ಬೆಳಿಗ್ಗೆ ಅವ್ನು ನನ್ನ ಕುತ್ತಿಗೆಗೆ ಮೂಗು ತಿಕ್ಕಿದಾಗ ಮತ್ತೆ ಬೇರೆ.

ಆ ವಾರ ಇಬ್ಬರ ಹತ್ರ ಮಾತಾಡಿದೆ. ಒಬ್ರು ಮಗನ ಥೆರಪಿ ಸೆಂಟರಲ್ಲಿ ಪರಿಚಯ ಆದ ಅಕ್ಕ, ಅವ್ರ ಮಗನಿಗೆ 19 ವರ್ಷ, ಮಾತಿಲ್ಲ, ಸ್ನಾನ ಮಾಡಿಸೋದರಿಂದ ಹಿಡಿದು ಎಲ್ಲಾ ಇವ್ರೇ. "ಅವ್ನು ನನ್ನ ಪ್ರಾಣ. ಆದ್ರೆ ನಂಗೆ ಮುಂಚೆ ಗೊತ್ತಾಗೋ ಹಾಗಿದ್ದಿದ್ರೆ ಗೊತ್ತಾಗ್ಲಿ ಅಂತಿದ್ದೆ ಕಣಮ್ಮ. ನಾನು ಹೋದ್ಮೇಲೆ ಇವ್ನ ಗತಿ ಏನು ಅಂತ ಯೋಚಿಸ್ದೇ ಇರೋ ದಿನ ಇಲ್ಲ. ನೀನು ಏನ್ ಮಾಡಿದ್ರೂ ನಾನು ತಪ್ಪು ಅನ್ನಲ್ಲ" ಅಂದ್ರು. ಇನ್ನೊಬ್ರು ಸ್ವತಃ ಆಟಿಸ್ಟಿಕ್ ಆಗಿರೋ ಹೆಂಗಸು, ಸಾಫ್ಟ್‌ವೇರ್ ಕೆಲಸ, ಮಾತಿಗಿಂತ ಬರೆಯೋದು ಇಷ್ಟ ಅಂತ ನಂಗೆ ಮೆಸೇಜಲ್ಲೇ ಉತ್ತರ ಕೊಟ್ರು. "ನೀವು ಕಷ್ಟ ಅಂತ ಬರೆದಿರೋದನ್ನೆಲ್ಲಾ ಎರಡು ಪಟ್ಟಿ ಮಾಡಿ. ಎಷ್ಟು ಆಟಿಸಂನಿಂದ ಬಂತು, ಎಷ್ಟು ಶಾಲೆ ಸೇರಿಸ್ಕೊಳದೇ ಇದ್ದಿದ್ರಿಂದ, ಜನ ದಿಟ್ಟಿಸಿ ನೋಡಿದ್ರಿಂದ, ಯಾರೂ ಸಹಾಯಕ್ಕೆ ಬರದೇ ಇದ್ದಿದ್ರಿಂದ ಬಂತು ಅಂತ ನೋಡಿ" ಅಂತ ಬರೆದಿದ್ರು. ನಾನು ನಿಜವಾಗ್ಲೂ ಪಟ್ಟಿ ಮಾಡಿದೆ. ಎರಡನೇ ಪಟ್ಟಿ ಉದ್ದ ಆಯ್ತು. ಮೊದಲನೇದು ಖಾಲಿ ಆಗ್ಲಿಲ್ಲ, ಫಿಟ್ಸು, ನಿದ್ದೆ, ತಲೆ ಚಚ್ಚಿಕೊಳ್ಳೋದು ಅಲ್ಲೇ ಉಳೀತು.

ಅವರೇ ಏಡ್ರಿಯನ್ ಆಶ್ (1946–2013) ಅನ್ನೋರ ಬಗ್ಗೆ ಹೇಳಿದ್ರು. ಕಣ್ಣು ಕಾಣದ ವಿದ್ವಾಂಸೆ, ವೈದ್ಯಕೀಯ ನೀತಿಶಾಸ್ತ್ರ ಅವರ ವಿಷಯ. ಗರ್ಭಪಾತ ಹೆಣ್ಣಿನ ಹಕ್ಕು ಅನ್ನೋದನ್ನ ಅವರು ಒಪ್ತಿದ್ರು, ಆದ್ರೆ ಇಂಥ ಟೆಸ್ಟುಗಳು ಇನ್ನೂ ನೋಡದ ಮಗುವಿನ ಒಂದೇ ಒಂದು ಗುಣನ ಎತ್ತಿಹಿಡಿದು ಅದೇ ಇಡೀ ಮಗು ಅನ್ನೋ ಹಾಗೆ ಮಾಡ್ಬಿಡುತ್ತೆ ಅಂತ ವಾದಿಸ್ತಿದ್ರು. ನಂಗೆ ಆ ಕಪ್ಪು ಚೌಕ ನೆನಪಾಯ್ತು. ಅದ್ರಲ್ಲಿ ವಾಷಿಂಗ್ ಮೆಷಿನ್ ಇರ್ಲಿಲ್ಲ, ಗುನುಗೋದು ಇರ್ಲಿಲ್ಲ.

ಕೊನೆಗೆ ಮಾಡಿಸಿದ್ವಿ. ಗೊತ್ತಿಲ್ದೇ ಇರೋದನ್ನ ಐದು ತಿಂಗಳು ಹೊತ್ಕೊಳೋ ಶಕ್ತಿ ನನ್ನಲ್ಲಿರ್ಲಿಲ್ಲ. ಇವ್ರಿಗೆ ಮನಸ್ಸಿರ್ಲಿಲ್ಲ, ಆದ್ರೂ "ನಿನ್ನ ದೇಹ, ನೀನ್ ಹೇಳ್ದಂಗೆ" ಅಂದ್ರು.

ಇಲ್ಲಿ ಲೆಕ್ಕದ ವಿಷಯ ಹೇಳ್ಬೇಕು. ಗರ್ಭ ಮುಂದುವರಿಸೋದು ನಿಲ್ಲಿಸೋದು ಯಾವ ವಾರದ ತನಕ, ಯಾವ ಕಾರಣಕ್ಕೆ ಅನ್ನೋದು ಒಂದೊಂದು ದೇಶದ ಕಾನೂನಲ್ಲಿ ಒಂದೊಂದು ಥರ ಇದೆ, ನಿಮ್ಮಲ್ಲಿ ಏನಿದೆ ಅಂತ ಮೊದಲ ದಿನವೇ ಕೇಳಿ ಬರ್ಕೊಳಿ. ನಮ್ಮ ವಾರಗಳು ಹೀಗೆ ಕರಗಿದ್ವು: ಮಗನ ರಿಪೋರ್ಟಿಗೆ ನಾಲ್ಕು, ನಮ್ಮದಕ್ಕೆ ಎರಡೂವರೆ, ನೀರಿನ ರಿಪೋರ್ಟಿಗೆ ಇನ್ನೂ ಎರಡೂವರೆ, ಮಧ್ಯೆ ಅಪಾಯಿಂಟ್ಮೆಂಟ್ ಸಿಗದೆ ಹೋದ ದಿನಗಳು ಬೇರೆ. ಎರಡನೇ ಮಗು ಯೋಚನೆ ಇದ್ದು ಇನ್ನೂ ಬಸುರಿ ಆಗಿಲ್ಲ ಅಂದ್ರೆ ದೊಡ್ಡ ಮಗುವಿನ ಮತ್ತೆ ನಿಮ್ಮಿಬ್ಬರ ಟೆಸ್ಟು ಈಗ್ಲೇ ಮಾಡಿಸಿಟ್ಕೊಳಿ, ಕೈಯಲ್ಲಿ ಸಮಯ ಇರುತ್ತೆ, ಬೇಡ ಅನ್ಸಿದ್ರೆ ಬೇಡ ಅನ್ನೋಕೂ ಸಮಯ ಇರುತ್ತೆ. ದುಡ್ಡೂ ಅಷ್ಟೇ, ಕೌನ್ಸೆಲಿಂಗ್, ಪ್ರೊಸೀಜರ್, ಸ್ಕ್ಯಾನ್, ಲ್ಯಾಬ್ ಎಲ್ಲಕ್ಕೂ ಬೇರೆ ಬೇರೆ ಬಿಲ್ ಬಂತು, ಒಟ್ಟು ಎಷ್ಟಾಗುತ್ತೆ ಅಂತ ಮೊದ್ಲೇ ಬರೆಸ್ಕೊಳಿ, ಇನ್ಶೂರೆನ್ಸ್ ಕೊಡುತ್ತೆ ಅಂತ ಅಂದಾಜಲ್ಲಿ ಇರ್ಬೇಡಿ.

ಪ್ರೊಸೀಜರ್ ದಿನ ಭಯಪಟ್ಟಷ್ಟು ನೋವಿರ್ಲಿಲ್ಲ. ಮೊದ್ಲು ಬ್ಲಡ್ ಗ್ರೂಪ್ ಕೇಳಿದ್ರು, ನೆಗೆಟಿವ್ ಇದ್ರೆ ಆಮೇಲೆ ಒಂದು ಇಂಜೆಕ್ಷನ್ ಬೇಕಾಗುತ್ತೆ, ನಿಮ್ಮದು ನೆಗೆಟಿವ್ ಆಗಿದ್ರೆ ನೀವೇ ನೆನಪಿಸಿ. ಸ್ಕ್ಯಾನ್ ಸ್ಕ್ರೀನಲ್ಲಿ ಸೂಜಿ ಒಂದು ಬಿಳೀ ಗೆರೆ ಥರ ಇಳಿದು ಬಂತು, ಮಗು ಆ ಕಡೆ ಮೂಲೇಲಿ ಕೈ ಮುಖದ ಹತ್ರ ಇಟ್ಕೊಂಡು ಮಲಗಿತ್ತು. ಮೊದ್ಲ ಸ್ವಲ್ಪ ನೀರು ಬೇರೆ ಸಿರಿಂಜಲ್ಲಿ ತೆಗೆದು ಪಕ್ಕಕ್ಕಿಟ್ರು, ನನ್ನ ಜೀವಕೋಶ ಬೆರೀಬಾರ್ದು ಅಂತ. ಆಮೇಲೆ ಸುಮಾರು 20 ಎಂಎಲ್. ತಿಳಿ ಹಳದಿ ಬಣ್ಣ. ಟ್ಯೂಬಿನ ಮೇಲೆ ನನ್ನ ಹೆಸರು ನಂಬರ್ ಜೋರಾಗಿ ಓದಿಸಿ ನನ್ನಿಂದ ಹೂಂ ಅನ್ಸಿದ್ರು. ಎಲ್ಲಾ ಸೇರಿ ಎರಡ್ಮೂರು ನಿಮಿಷ ಇರ್ಬಹುದು.

ಕಷ್ಟ ಆಗಿದ್ದು ಮನೇಗೆ ಬಂದ್ಮೇಲೆ. ಎರಡು ದಿನ ಭಾರ ಎತ್ತಬೇಡಿ ಅಂದಿದ್ರು. ಮಗ ಬಾಗಿಲಲ್ಲೇ ಎರಡೂ ಕೈ ಚಾಚಿದ, ನಾನು ಎತ್ಕೊಳ್ಳಲಿಲ್ಲ. ಅವ್ನಿಗೆ ಯಾಕೆ ಅಂತ ಹೇಗೆ ಹೇಳೋದು? ಕೈ ಚಾಚಿಕೊಂಡೇ ನಿಂತಿದ್ದ, ಆಮೇಲೆ ನೆಲದ ಮೇಲೆ ಕೂತು ಅತ್ತ. ಎರಡನೇ ದಿನ ಸಂಜೆ ನಾನು ಸೋಫಾ ಮೇಲೆ ಒರಗಿದ್ದೆ, ಬಂದು ಹೊಟ್ಟೆಗೆ ಕಿವಿ ಒತ್ತಿದ, ಮೆಷಿನ್ಗೆ ಒತ್ತೋ ಹಾಗೇ. ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ ಸಣ್ಣಗೆ ಗುನುಗೋಕೆ ಶುರು ಮಾಡ್ದ, ಅದು ಮೆಷಿನ್ ಸ್ವರ ಆಗಿರ್ಲಿಲ್ಲ, ಹೊಸದೊಂದು.

ಹದಿನೇಳನೇ ದಿನ ಫೋನ್ ಬಂತು. ಡಿಲೀಶನ್ ಇಲ್ಲ.

ನಂಗೆ ಎಷ್ಟು ಖುಷಿ ಆಯ್ತಂದ್ರೆ ಜೋರಾಗಿ ಅತ್ಬಿಟ್ಟೆ. ಕಣ್ಣೊರೆಸ್ಕೊಂಡು ತಿರುಗಿದ್ರೆ ಮಗ ಎದುರಿಗಿದ್ದ. ಅವ್ನ ಹಾಗೆ ಅಲ್ಲ ಅಂತ ತಾನೇ ನಾನು ಅತ್ತಿದ್ದು. ಆ ಖುಷಿ ಸುಳ್ಳಲ್ಲ, ಅದಕ್ಕಾದ ಸಂಕಟಾನೂ ಸುಳ್ಳಲ್ಲ, ಎರಡೂ ಇವತ್ತಿಗೂ ಹಾಗೇ ಇವೆ. ಇದೆ ಅಂತ ಬಂದಿದ್ರೆ ನಾನೇನ್ ಮಾಡ್ತಿದ್ದೆ ಅಂತ ಕೇಳಿದ್ರೆ ಮುಂದುವರಿಸ್ತಿದ್ದೆ ಅಂತ ಬರೀಬೇಕು ಅನ್ಸುತ್ತೆ, ಆಣೆ ಮಾಡಿ ಹೇಳೋಕಾಗಲ್ಲ. ಅದಕ್ಕೇ ಕೌನ್ಸೆಲರ್ ಪ್ರಶ್ನೆಗೆ ನಿಜವಾದ ಉತ್ತರ ಸಿಗೋ ತನಕ ಸೂಜಿ ಹತ್ರ ಹೋಗ್ಬೇಡಿ ಅಂತ ಬೇಡ್ಕೋತೀನಿ, ನಾನು ಹೋಗಿದ್ದು ತಪ್ಪು.

ಆ ರಾತ್ರಿ ನಾದಿನಿ ಫೋನ್ ಮಾಡಿ "ಅಬ್ಬಾ ಅತ್ತಿಗೆ, ಈ ಸಲ ಒಳ್ಳೇ ಮಗು" ಅಂದ್ಲು. ಪ್ರೀತಿಯಿಂದಾನೇ ಅಂದಿದ್ದು. ಸ್ಪೀಕರ್ ಹಾಕಿತ್ತು, ಇವ್ರು ಎದ್ದು ಹೊರಗೆ ಹೋದ್ರು.

ಡಿಲೀಶನ್ ಇಲ್ಲ ಅಂದ್ರೆ ಆಟಿಸಂ ಬರಲ್ಲ ಅಂತಲ್ಲ, ದೊಡ್ಡದೊಂದು ಕಾರಣ ಇಲ್ಲ ಅಷ್ಟೇ. ಹುಟ್ಟಿದ ಮೇಲೆ ಮಕ್ಕಳ ಡಾಕ್ಟರ್ ಫೈಲಲ್ಲಿ ಅಣ್ಣನಿಗೆ ಆಟಿಸಂ ಇದೆ ಅಂತ ಬರ್ಕೊಂಡು ಬೆಳವಣಿಗೆ ನೋಡೋಕೆ ತಾರೀಕು ಕೊಟ್ಟಿದ್ದಾರೆ, ಒಂದೂವರೆ ವರ್ಷಕ್ಕೆ ಪ್ರಶ್ನಾವಳಿ ತುಂಬಬೇಕು. ಟೆಸ್ಟ್ ಮಾಡಿಸ್ದೇ ಇದ್ದಿದ್ರೂ ಇದೇ ತಾರೀಕುಗಳು ಅಂತ ಅವರೇ ಹೇಳಿದ್ರು.

ಒಂದು ವಿಷಯ ನಾವು ಮೊದ್ಲು ಯೋಚಿಸೇ ಇರ್ಲಿಲ್ಲ, ನೀವು ಯೋಚಿಸಿರಿ. ಇವ್ರಿಗೆ ಇದೆ ಅಂದ್ರೆ ಅದು ಅತ್ತೆ ಮಾವನಿಂದ ಬಂದಿರ್ಬಹುದು, ಹಾಗಾದ್ರೆ ಇವ್ರ ತಂಗಿಗೂ ಇರ್ಬಹುದು. ಅತ್ತೆ ಟೆಸ್ಟ್ ಬೇಡ ಅಂದ್ಬಿಟ್ರು, "ನನ್ನಿಂದ ಬಂತು ಅಂತ ಈ ವಯಸ್ಸಲ್ಲಿ ತಿಳ್ಕೊಂಡು ಏನ್ ಮಾಡ್ಲಿ" ಅಂದ್ರು, ಅದು ಅವರ ಹಕ್ಕು. ಸಂಬಂಧಿಕರಿಗೆ ಕೊಡೋಕೆ ಅಂತ ಕೌನ್ಸೆಲರ್ ಒಂದು ಪತ್ರ ಕೊಟ್ಟಿದ್ರು, ಯಾರ ಹೆಸರೂ ಇಲ್ದೇ ಡಿಲೀಶನ್ ವಿವರ ಮಾತ್ರ ಇರೋದು, ನೀವೂ ಕೇಳಿ ಇಸ್ಕೊಳಿ. ಅದು ನಾಲ್ಕು ತಿಂಗಳು ಡ್ರಾಯರಲ್ಲೇ ಇತ್ತು. ಹೋದ ಭಾನುವಾರ ನಾದಿನಿ ತಾನೂ ಮಗುಗೆ ಪ್ರಯತ್ನ ಮಾಡ್ತಿದೀವಿ ಅಂದ್ಮೇಲೆ ಇವ್ರು ಅವಳನ್ನ ಕೂರಿಸ್ಕೊಂಡು ಎಲ್ಲಾ ಹೇಳಿದ್ರು. ಅವ್ಳು ಪತ್ರ ಎರಡು ಸಲ ಓದಿದ್ಲು. ಅಂದು ಫೋನಲ್ಲಿ ಅಂದಿದ್ದು ಅವ್ಳಿಗೂ ನೆನಪಾಗಿರ್ಬೇಕು, ನನ್ನ ಮುಖ ನೋಡ್ಲಿಲ್ಲ.

"ನಾನೇನ್ ಮಾಡ್ಲಿ ಅಣ್ಣ?" ಅಂದ್ಲು.

"ಟೆಸ್ಟ್ ಆಮೇಲೆ. ಮೊದ್ಲು ಒಂದು ವಾರ ನಮ್ಮನೇಲಿ ಇರು, ಇವ್ನ ಜೊತೆ" ಅಂದ್ರು ಇವ್ರು. ನಾಡಿದ್ದು ಬರ್ತಿದಾಳೆ.